ಗ್ರೂಪ್‌ನಲ್ಲಿ ನಲವತ್ತನೇ ದಿನ, ನಿಜದಲ್ಲಿ ದಿನಕ್ಕೆ ಆರು ಸಿಗರೇಟು: ಈಗೇನು ಮಾಡಲಿ?

ಪ್ರಶ್ನೆ: ನನಗೆ 33 ವರ್ಷ. ಕಾಲೇಜಿನಲ್ಲಿ ಶುರುವಾದ ಸಿಗರೇಟು ದಿನಕ್ಕೆ ಹನ್ನೆರಡಕ್ಕೆ ಬಂದು ನಿಂತಿತ್ತು. ಎರಡು ವರ್ಷದ ಹಿಂದೆ ಅದನ್ನು ಬಿಡೋಣ ಅಂತ ವೇಪ್ (ಬ್ಯಾಟರಿಯ ಇ-ಸಿಗರೇಟು) ಹಿಡಿದೆ. ಈಗ ಎರಡೂ ಇವೆ. ಆಫೀಸಿನ ನಾವು ಐದು ಜನ ಒಟ್ಟಿಗೆ ಬಿಡೋಣ ಅಂತ ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡೆವು. ದಿನಾ ಬೆಳಿಗ್ಗೆ ಎಲ್ಲರೂ ಇದು ಎಷ್ಟನೇ ದಿನ ಅಂತ ಬರೆಯುತ್ತಿದ್ದೆವು. ಒಂಬತ್ತನೇ ದಿನ ನಾನು ಒಂದು ಸಿಗರೇಟು ಸೇದಿಬಿಟ್ಟೆ. ಹೇಳಲು ನಾಚಿಕೆಯಾಗಿ ಮಾರನೇ ಬೆಳಿಗ್ಗೆ ‘ಹತ್ತನೇ ದಿನ’ ಅಂತಲೇ ಬರೆದೆ. ಗ್ರೂಪ್ ಲೆಕ್ಕದಲ್ಲಿ ಈಗ ನನ್ನದು ನಲವತ್ತನೇ ದಿನ, ನಿಜದಲ್ಲಿ ದಿನಕ್ಕೆ ಆರು ಸೇದುತ್ತಿದ್ದೇನೆ. ಗ್ರೂಪ್‌ನ ಒಬ್ಬರು ಸಿಗರೇಟಿನ ಬದಲು ಅಗಿಯುವ ನಿಕೋಟಿನ್ ಗಮ್ ಬಳಸುತ್ತಿದ್ದೇನೆ ಅಂದಾಗ ಉಳಿದವರು ‘ಅದು ಬಿಟ್ಟ ಹಾಗಲ್ಲ, ಮೋಸ’ ಅಂದರು. ಅವರು ಗ್ರೂಪ್ ಬಿಟ್ಟು ಹೋದರು. ಮನೆಯಲ್ಲಿ ಹೆಂಡತಿ ದಿನಾ ಸಂಜೆ ‘ಇವತ್ತು ಸೇದಿದ್ರಾ?’ ಅಂತ ಕೇಳುತ್ತಾಳೆ, ನನಗೆ ರೇಗುತ್ತದೆ. ಇಂಥ ಗ್ರೂಪ್‌ಗಳಿಂದ ನಿಜಕ್ಕೂ ಉಪಯೋಗ ಇದೆಯೇ? ಎಲ್ಲ ಮನಸ್ಸಿನ ಗಟ್ಟಿತನದ ಮೇಲೇ ನಿಂತಿದೆಯೇ? ನಿಜ ಹೇಳಲೇ, ಸುಮ್ನೆ ಹೊರಗೆ ಬಂದುಬಿಡಲೇ?

ಉತ್ತರ: ಗ್ರೂಪ್‌ನಿಂದ ಉಪಯೋಗ ಇದೆಯಾ ಅಂತ ನೀವು ಕೇಳಿದ್ದೀರಿ. ಆದರೆ ನಿಮ್ಮನ್ನು ಜಾಸ್ತಿ ಕೊರೆಯುತ್ತಿರುವುದು ಆ ‘ಹತ್ತನೇ ದಿನ’ ಅನ್ನುವ ಸುಳ್ಳು ಅಂತ ನನಗೆ ಅನ್ನಿಸುತ್ತದೆ. ತಂಬಾಕು ಬಿಡಿಸುವ ಕ್ಲಿನಿಕ್‌ನಲ್ಲಿ ಕೆಲಸ ಮಾಡುವ ನನಗೆ ಇದು ತೀರಾ ಪರಿಚಿತ. ಎಲ್ಲರೂ ದಿನ ಎಣಿಸುವ ಗ್ರೂಪ್‌ಗಳಲ್ಲಿ ಒಳಗೊಳಗೇ ಸೇದುತ್ತಿರುವವರು ಒಬ್ಬರೇ ಇರುವುದು ಅಪರೂಪ. ನಿಮ್ಮ ಐವರಲ್ಲಿ ಇನ್ನೊಬ್ಬರು ನಿಮ್ಮ ಹಾಗೇ ಬೆಳಿಗ್ಗೆ ಎದ್ದು ಸುಳ್ಳು ಸಂಖ್ಯೆ ಬರೆಯುತ್ತಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಮೊದಲು ಆ ಒಂಬತ್ತನೇ ದಿನ ಏನಾಯಿತು ಅಂತ ನೋಡೋಣ. ಹೊಗೆ ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳಿಗೆ ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ, ಮೆದುಳು ಇನ್ನೊಂದು ಕೇಳುತ್ತದೆ. ವರ್ಷಗಟ್ಟಲೆ ಸೇದಿದವರ ಮೆದುಳಿನಲ್ಲಿ ನಿಕೋಟಿನ್ ಬಂದು ಕೂರುವ ರಿಸೆಪ್ಟರ್‌ಗಳ ಸಂಖ್ಯೆಯೇ ಹೆಚ್ಚಾಗಿರುತ್ತದೆ. ಬಿಟ್ಟ ಮೇಲೆ ಅವು ಮಾಮೂಲು ಮಟ್ಟಕ್ಕೆ ಇಳಿಯಲು ಆರರಿಂದ ಹನ್ನೆರಡು ವಾರ ಬೇಕು. ಸಿಡುಕು, ನಿದ್ದೆಗೇಡು, ಯಾವುದರಲ್ಲೂ ಗಮನ ನಿಲ್ಲದಿರುವುದು, ಇವೆಲ್ಲ ಮೊದಲ ವಾರ ಜೋರಾಗಿದ್ದು ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತವೆ.

ಅಂದರೆ ಒಂಬತ್ತನೇ ದಿನಕ್ಕೆ ದೇಹದ ಕಾಟ ಇಳಿಯುತ್ತಾ ಬಂದಿರುತ್ತದೆ. ಜಾಗ, ಹೊತ್ತು, ಜನ ಎಬ್ಬಿಸುವ ಆಸೆ ಮಾತ್ರ ಹಾಗೇ ಇರುತ್ತದೆ. ಊಟ ಮುಗಿದಾಗ, ಫೋನ್ ಹಿಡಿದು ಹೊರಗೆ ಬಂದಾಗ, ಯಾರಿಂದಲೋ ಬೈಸಿಕೊಂಡಾಗ, ಪಕ್ಕದವರು ಲೈಟರ್ ತೆಗೆದಾಗ. ಅದೇ ಹೊತ್ತಿಗೆ ಗ್ರೂಪ್‌ನ ಮೊದಲ ವಾರದ ಉತ್ಸಾಹವೂ ತಣ್ಣಗಾಗಿರುತ್ತದೆ. ಬೆಳಿಗ್ಗೆ ಒಂದು ಸಂಖ್ಯೆ, ನಾಲ್ಕು ಚಪ್ಪಾಳೆ ಗುರುತು, ಅಷ್ಟೇ. ಮಧ್ಯಾಹ್ನ ಮೂರು ಗಂಟೆಗೆ ಸೇದಬೇಕು ಅನ್ನಿಸಿದಾಗ ಆ ಚಪ್ಪಾಳೆ ಕೆಲಸಕ್ಕೆ ಬರುವುದಿಲ್ಲ. ನೀವು ಸೇದಿದ್ದಕ್ಕೆ ಮನಸ್ಸು ಗಟ್ಟಿ ಇಲ್ಲದಿರುವುದೇ ಕಾರಣ ಅಂತ ದಯವಿಟ್ಟು ತೀರ್ಮಾನಿಸಬೇಡಿ.

ಮನಸ್ಸಿನ ಗಟ್ಟಿತನದ ಮಾತು ಬಂತಲ್ಲ, ಅದರ ಲೆಕ್ಕ ಹೀಗಿದೆ. ಔಷಧಿ, ಕೌನ್ಸೆಲಿಂಗ್ ಯಾವುದೂ ಇಲ್ಲದೆ ಬಿಡಲು ಹೊರಟರೆ, ಒಂದು ಪ್ರಯತ್ನದಲ್ಲಿ ಆರು ತಿಂಗಳು, ವರ್ಷದವರೆಗೆ ಬಿಟ್ಟೇ ಇರುವವರು ನೂರಕ್ಕೆ 3ರಿಂದ 5 ಜನ. ಹಾಗೆ ಬಿಟ್ಟವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ನಿಜ. ಆದರೆ ಅವರಲ್ಲಿ ಬಹಳಷ್ಟು ಮಂದಿ ಹಲವು ಸಲ ಸೋತು ಗೆದ್ದವರು. ಸೋತ ಸಲಗಳ ಕಥೆಯನ್ನು ಯಾರೂ ಹೇಳುವುದಿಲ್ಲ.

ಇನ್ನು ಗ್ರೂಪ್. ಜೊತೆಗಿರುವವರ ಪ್ರಭಾವ ದೊಡ್ಡದು ಅನ್ನುವುದರಲ್ಲಿ ಅನುಮಾನವಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದಲ್ಲಿ 12,067 ಜನರ 1971ರಿಂದ 2003ರವರೆಗಿನ ದಾಖಲೆಗಳಿದ್ದವು. ಸಂಶೋಧಕರಾದ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಅವನ್ನು ಜಾಲಾಡಿ 2008ರಲ್ಲಿ ಒಂದು ವಿಷಯ ತೋರಿಸಿದರು. ಗಂಡ ಅಥವಾ ಹೆಂಡತಿ ಸಿಗರೇಟು ಬಿಟ್ಟರೆ ಇನ್ನೊಬ್ಬರು ಸೇದುವ ಸಂಭವ ಶೇ 67ರಷ್ಟು ಕಡಿಮೆ. ಸ್ನೇಹಿತ ಬಿಟ್ಟರೆ ಶೇ 36, ಚಿಕ್ಕ ಕಚೇರಿಯ ಸಹೋದ್ಯೋಗಿ ಬಿಟ್ಟರೆ ಶೇ 34, ಒಡಹುಟ್ಟಿದವರು ಬಿಟ್ಟರೆ ಶೇ 25. ಜನ ಬಿಡಿಬಿಡಿಯಾಗಿ ಬಿಡುವುದಕ್ಕಿಂತ ಗುಂಪುಗುಂಪಾಗಿ ಬಿಡುತ್ತಾ ಹೋಗಿದ್ದರು. ನೀವು ಐದು ಜನ ಸಹೋದ್ಯೋಗಿಗಳು ಸೇರಿದ್ದು ಹಾಗಾಗಿ ತಪ್ಪು ದಾರಿಯೇನಲ್ಲ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಯಾರೋ ಬಿಟ್ಟಿದ್ದರಿಂದ ಪಕ್ಕದವರು ಬಿಡುವುದು ಬೇರೆ, ಬಿಡಲೆಂದೇ ಗ್ರೂಪ್ ಕಟ್ಟುವುದು ಬೇರೆ. ತರಬೇತಿ ಪಡೆದ ಒಬ್ಬರು ನಡೆಸುವ, ವಾರಗಟ್ಟಲೆ ಮುಖಾಮುಖಿ ಸೇರುವ ಗುಂಪುಗಳ ಬಗ್ಗೆ ಹತ್ತಾರು ಅಧ್ಯಯನಗಳಾಗಿವೆ. ಪುಸ್ತಕ ಓದಿಕೊಂಡು ತಮ್ಮಷ್ಟಕ್ಕೆ ಬಿಡಲು ಹೊರಟವರಿಗಿಂತ ಅಲ್ಲಿ ಬಿಟ್ಟವರು ಜಾಸ್ತಿ. ಒಬ್ಬೊಬ್ಬರಿಗೇ ಅಷ್ಟೇ ಹೊತ್ತು ಕೌನ್ಸೆಲಿಂಗ್ ಕೊಟ್ಟಿದ್ದಕ್ಕಿಂತ ಗುಂಪು ಮೇಲು ಅಂತ ಮಾತ್ರ ಸಾಬೀತಾಗಿಲ್ಲ. ಸಂಗಾತಿಗೋ ಗೆಳೆಯರಿಗೋ ‘ಹೀಗೆ ಬೆಂಬಲ ಕೊಡಿ’ ಅಂತ ಹೇಳಿಕೊಟ್ಟು ನೋಡಿದ ಪ್ರಯೋಗಗಳಲ್ಲೂ ದೂರಕ್ಕೆ ಬಾಳುವ ಲಾಭ ಕಂಡುಬಂದಿಲ್ಲ. ಹಾಗಾಗಿ ‘ಗ್ರೂಪ್ ಸೇರಿದರೆ ಸಾಕು’ ಅನ್ನುವವರನ್ನೂ ಪೂರ್ತಿ ನಂಬಬೇಡಿ.

ವೇಪ್ ವಿಷಯದಲ್ಲಿ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಮೆರಿಕದಲ್ಲಿ ‘ದಿಸ್ ಈಸ್ ಕ್ವಿಟಿಂಗ್’ ಅನ್ನುವ ಮೆಸೇಜ್ ಸೇವೆ ಇದೆ. ವೇಪ್ ಬಿಡುತ್ತಿರುವ ಹುಡುಗ ಹುಡುಗಿಯರೇ ಬರೆದ ಮಾತುಗಳೂ ಅದರ ಮೆಸೇಜ್‌ಗಳಲ್ಲಿ ಬರುತ್ತವೆ. 18ರಿಂದ 24 ವರ್ಷದವರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಏಳು ತಿಂಗಳಾದ ಮೇಲೆ ಈ ಸೇವೆ ಪಡೆದವರಲ್ಲಿ ಶೇ 24.1 ಜನ ವೇಪ್ ಬಿಟ್ಟಿದ್ದರು, ಪಡೆಯದವರಲ್ಲಿ ಶೇ 18.6. ವ್ಯತ್ಯಾಸ ಚಿಕ್ಕದೇ, ಆದರೆ ನಿಜವಾದದ್ದು. ಇನ್ನೊಂದು 2025ರಲ್ಲಿ ಪ್ರಕಟವಾಯಿತು. 16ರಿಂದ 25 ವರ್ಷದ ವೇಪ್ ಬಳಕೆದಾರರಿಗೆ ಮೆಸೇಜ್ ಸೇವೆ, ಪ್ರತಿ ವಾರ ಕೌನ್ಸೆಲಿಂಗ್ ಎರಡೂ ಇತ್ತು. ಅದರ ಜೊತೆ ಕೆಲವರಿಗೆ ನಿಕೋಟಿನ್ ಚಟ ಬಿಡಿಸಲು ಕೊಡುವ ವಾರೆನಿಕ್ಲಿನ್ ಮಾತ್ರೆ, ಕೆಲವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. ಚಿಕಿತ್ಸೆಯ ಕೊನೆಯ ನಾಲ್ಕು ವಾರ ವೇಪ್ ಮುಟ್ಟದೇ ಇದ್ದವರು ಮಾತ್ರೆಯ ಗುಂಪಿನಲ್ಲಿ ಶೇ 51, ಹುಸಿ ಮಾತ್ರೆಯ ಗುಂಪಿನಲ್ಲಿ ಶೇ 14. ಜನರ ಬೆಂಬಲ ಎರಡೂ ಕಡೆ ಇತ್ತು ಅನ್ನುವುದನ್ನು ಗಮನಿಸಿ. ಬೆಂಬಲದ ಜೊತೆ ಔಷಧಿ ಸೇರಿದಾಗ ಕೆಲಸ ಎಷ್ಟು ಬದಲಾಗುತ್ತದೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬರುವುದಿಲ್ಲ.

ಇಷ್ಟರ ಮೇಲೆ, ನನ್ನ ಅನುಭವದಲ್ಲಿ ಕೆಲಸ ಮಾಡುವ ಗ್ರೂಪ್ ಯಾವುದು? ‘ಸೇದಿಬಿಟ್ಟೆ’ ಅಂತ ಹೇಳಿಕೊಳ್ಳಲು ಜಾಗ ಇರುವ ಗ್ರೂಪ್. ಅದಕ್ಕೂ ಮುಂಚೆ, ‘ಈಗ ಸೇದಬೇಕು ಅನ್ನಿಸುತ್ತಿದೆ’ ಅಂತ ಬರೆಯಲು ಧೈರ್ಯ ಬರುವ ಗ್ರೂಪ್. ತಡೆಯಲಾಗದ ತುಡಿತ ಅಂತೀವಲ್ಲ, ಅದು ಸಾಮಾನ್ಯವಾಗಿ ಏರಿ ಇಳಿಯುವುದು ಕೆಲವೇ ನಿಮಿಷಗಳಲ್ಲಿ. ಆ ನಿಮಿಷಗಳನ್ನು ದಾಟಿಸುವುದೇ ಗೆಳೆಯರ ಕೆಲಸ. ನಡೆದಾಗ ಅದು ಹೀಗಿರುತ್ತದೆ. ಒಬ್ಬರು ಬರೆಯುತ್ತಾರೆ: ‘ಬಾಲ್ಕನಿಯಲ್ಲಿದ್ದೀನಿ. ಲೈಟರ್ ಕೈಯಲ್ಲಿದೆ.’ ಇನ್ನೊಬ್ಬರು ಬರೆಯುತ್ತಾರೆ: ‘ಲೈಟರ್ ಅಲ್ಲೇ ಇಟ್ಟು ಒಳಗೆ ಹೋಗಿ. ಮುಖ ತೊಳ್ಕೊಳ್ಳಿ. ಆಮೇಲೆ ಇಲ್ಲಿ ಬರೀರಿ, ಕಾಯ್ತಿದ್ದೀನಿ.’ ಏಳು ನಿಮಿಷ ಬಿಟ್ಟು: ‘ತೊಳ್ಕೊಂಡೆ. ಇನ್ನೂ ಅನ್ನಿಸ್ತಿದೆ, ಆದ್ರೆ ಮೊದಲಿನಷ್ಟಿಲ್ಲ.’ ಇದರಲ್ಲಿ ಬುದ್ಧಿಮಾತಿಲ್ಲ, ಶ್ವಾಸಕೋಶದ ಫೋಟೋ ಇಲ್ಲ. ಹಿಂದೆ ಸೇದುತ್ತಿದ್ದು ಈಗ ಬಿಟ್ಟಿರುವ ಒಬ್ಬರು ಆ ಹೊತ್ತಿಗೆ ಸರಿಯಾಗಿ ಸಿಕ್ಕರು, ಅಷ್ಟೇ. ಇಂಥ ಕೆಲಸ ವೈದ್ಯರಿಂದ ಆಗುವುದಿಲ್ಲ. ರಾತ್ರಿ ಹತ್ತೂವರೆಗೆ ನಾವು ನಿಮ್ಮ ಬಾಲ್ಕನಿಯ ಹತ್ತಿರ ಇರುವುದಿಲ್ಲವಲ್ಲ.

ನಿಮ್ಮ ಗ್ರೂಪ್‌ನಲ್ಲಿ ಇದಕ್ಕೆ ಜಾಗ ಇರಲಿಲ್ಲ. ಅಲ್ಲಿದ್ದದ್ದು ಒಂದು ಅಂಕಪಟ್ಟಿ. ದಿನ ಎಣಿಸುವುದು ಕೆಟ್ಟದ್ದೇನಲ್ಲ, ಕೆಲವರಿಗೆ ಬಹಳ ಹುರುಪು ಕೊಡುತ್ತದೆ. ಆದರೆ ಒಂದು ಸಿಗರೇಟಿಗೆ ಎಲ್ಲ ಅಳಿಸಿ ಸೊನ್ನೆಯಿಂದ ಶುರು ಅನ್ನುವ ನಿಯಮ ಬಂತೆಂದರೆ ಎಡವಿದವರಿಗೆ ಎರಡೇ ದಾರಿ ಉಳಿಯುತ್ತದೆ, ಸುಳ್ಳು ಹೇಳುವುದು ಅಥವಾ ಜಾಗ ಖಾಲಿ ಮಾಡುವುದು. ನೀವು ಮೊದಲನೆಯದು ಮಾಡಿದಿರಿ, ಗಮ್‌ನವರು ಎರಡನೆಯದು. ಎಡವಿದ ಮೇಲೆ ‘ಹೇಗೂ ಕೆಟ್ಟಿತು, ಇನ್ನೊಂದು ಸೇದಿದರೇನು’ ಅನ್ನುವ ಯೋಚನೆ ಬರುತ್ತದೆ. ಒಂದು ಸಿಗರೇಟನ್ನು ಆರಕ್ಕೆ ಒಯ್ಯುವುದು ಈ ಯೋಚನೆ, ಮುಚ್ಚಿಟ್ಟಷ್ಟೂ ಅದಕ್ಕೆ ಬಲ. ಎಣಿಸಲೇಬೇಕು ಅಂದರೆ ಒಟ್ಟು ಸೇದದ ದಿನಗಳನ್ನು ಎಣಿಸಿ. ಎಡವಿದ ದಿನ ಒಂದು ಕೂಡಿಸಬೇಡಿ, ಹಿಂದಿನದನ್ನು ಅಳಿಸಲೂ ಬೇಡಿ.

ಈಗ ಗಮ್ ಮೋಸ ಅನ್ನುವ ಮಾತು. ಇದು ಶುದ್ಧ ತಪ್ಪು. ತುಂಬಾ ಜನರಿಗೆ ಹಾನಿ ಮಾಡಿರುವ ತಪ್ಪು ಆದ್ದರಿಂದ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಿಕೋಟಿನ್ ಚಟ ಹಿಡಿಸುತ್ತದೆ. ಕ್ಯಾನ್ಸರ್ ತರುವುದು, ರಕ್ತನಾಳ ಕೆಡಿಸುವುದು ಮುಖ್ಯವಾಗಿ ಎಲೆ ಸುಟ್ಟಾಗ ಬರುವ ಟಾರ್, ಕಾರ್ಬನ್ ಮೊನಾಕ್ಸೈಡ್ ಮತ್ತಿತರ ವಿಷಗಳು. ಗಮ್‌ನಲ್ಲಾಗಲಿ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್‌ನಲ್ಲಾಗಲಿ ಅವು ಇಲ್ಲ. ಅವುಗಳಿಂದ ನಿಕೋಟಿನ್ ನಿಧಾನಕ್ಕೆ ಏರುತ್ತದೆ, ಸಿಗರೇಟಿನ ಹಾಗೆ ಸೆಕೆಂಡುಗಳಲ್ಲಿ ಮೆದುಳಿಗೆ ಹೊಡೆಯುವುದಿಲ್ಲ. ದಿನವಿಡೀ ಒಂದೇ ಮಟ್ಟಕ್ಕೆ ಪ್ಯಾಚ್, ತುಡಿತ ಎದ್ದಾಗ ಮೇಲಿಂದ ಗಮ್, ಹೀಗೆ ಎರಡನ್ನೂ ಸೇರಿಸಿದರೆ ಒಂದನ್ನೇ ಬಳಸುವುದಕ್ಕಿಂತ ಹೆಚ್ಚು ಫಲ.

‘ಗಮ್ ಟ್ರೈ ಮಾಡಿದೆ, ಪ್ರಯೋಜನ ಆಗಲಿಲ್ಲ’ ಅನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಅಗಿದದ್ದು ಹೇಗೆ ಅಂತ. ಮಾಮೂಲಿ ಚೂಯಿಂಗ್ ಗಮ್ ಹಾಗೆ ಚಪ್ಪರಿಸಿ ಅಗಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಹೊಟ್ಟೆ ತೊಳೆಸುವುದು ಬಿಟ್ಟರೆ ಲಾಭವಿಲ್ಲ. ನಿಧಾನಕ್ಕೆ ಕೆಲವು ಸಲ ಅಗಿಯಬೇಕು. ಖಾರವೋ ಚುರುಚುರು ಅನ್ನುವುದೋ ಶುರುವಾದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಚುರು ಇಳಿದ ಮೇಲೆ ಮತ್ತೆ ಅಗಿದು ಜಾಗ ಬದಲಿಸಬೇಕು. ಅರ್ಧ ಗಂಟೆ ಹೀಗೆ. ಗಮ್‌ಗೆ ಕಾಲು ಗಂಟೆ ಮುಂಚೆ ಮತ್ತು ಬಾಯಲ್ಲಿರುವಾಗ ಕಾಫಿ, ಜ್ಯೂಸ್ ಬೇಡ, ಹುಳಿ ಇದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ. ಪ್ಯಾಚ್‌ನಿಂದ ರಾತ್ರಿ ವಿಚಿತ್ರ ಕನಸು ಬಿದ್ದರೆ ಮಲಗುವ ಮುಂಚೆ ತೆಗೆದಿಡಬಹುದು. ಸಿಗರೇಟು ಬಿಡಲು ಕೊಡುವ ವಾರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕಂಡೇ ಶುರು ಮಾಡಬೇಕು. ಫಿಟ್ಸ್ ಇರುವವರಿಗೆ ಬುಪ್ರೊಪಿಯಾನ್ ಕೂಡದು. ಕಿಡ್ನಿ ತೊಂದರೆ ಇದ್ದರೆ ವಾರೆನಿಕ್ಲಿನ್ ಪ್ರಮಾಣ ಇಳಿಸಬೇಕಾಗುತ್ತದೆ.

ಹನ್ನೆರಡರಿಂದ ಆರಕ್ಕೆ ಇಳಿದಿದ್ದೀರಿ. ಅದು ಒಳ್ಳೆಯ ಗುರುತೇ, ಆದರೆ ಅಲ್ಲೇ ನಿಲ್ಲಬೇಡಿ. 2018ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಇಪ್ಪತ್ತು ಸೇದುವವರಿಗೆ ಹೃದಯಾಘಾತದ ಅಪಾಯ ಎಷ್ಟು ಏರುತ್ತದೋ ಅದರ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಒಂದು ಸೇದುವವರಿಗೂ ಏರುತ್ತದೆ. ಮೇಲಾಗಿ, ಸಂಖ್ಯೆ ಇಳಿಸಿದವರು ಗೊತ್ತಿಲ್ಲದೇ ಒಂದೊಂದು ದಮ್ಮನ್ನೂ ಆಳಕ್ಕೆ ಎಳೆಯುತ್ತಾರೆ.

ನಿಮ್ಮ ವೇಪ್ ಲೆಕ್ಕವೂ ಇಲ್ಲೇ ಸೇರುತ್ತದೆ. ‘ಅದು ಬರೀ ನೀರಿನ ಆವಿ’ ಅನ್ನುವುದು ಸುಳ್ಳು. ಅದರಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ರಾಸಾಯನಿಕಗಳು, ಸೂಕ್ಷ್ಮ ಕಣಗಳು, ನಿಕೋಟಿನ್ ಇರುತ್ತವೆ. ‘ಸಿಗರೇಟಿಗಿಂತಲೂ ಕೆಟ್ಟದ್ದು’ ಅನ್ನುವುದೂ ಸರಿಯಲ್ಲ. ಏನೂ ಸುಡದೇ ಇರುವುದರಿಂದ ಅದರಲ್ಲಿ ವಿಷಗಳು ಸಿಗರೇಟು ಹೊಗೆಗಿಂತ ಕಡಿಮೆ. ಪೂರ್ತಿ ವೇಪ್‌ಗೆ ಬದಲಾಗಿ ಸಿಗರೇಟು ಬಿಟ್ಟವರು ಇದ್ದಾರೆ, ಪ್ರಯೋಗಗಳಲ್ಲೂ ಅದು ಕಂಡಿದೆ. ಆದರೆ ಎಷ್ಟೋ ದೇಶಗಳಲ್ಲಿ ಅದರ ಮಾರಾಟವೇ ನಿಷೇಧ, ವರ್ಷಗಟ್ಟಲೆ ಎಳೆದರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೂ ಪೂರ್ತಿ ಉತ್ತರವಿಲ್ಲ. ನಿಮ್ಮ ಹಾಗೆ ಎರಡನ್ನೂ ಇಟ್ಟುಕೊಂಡವರಿಗಂತೂ ಲಾಭವಿಲ್ಲ. ಹೊರಗೆ ಸಿಗರೇಟು, ಒಳಗೆ ವೇಪ್, ನಿಕೋಟಿನ್‌ಗೆ ಬಿಡುವೇ ಇಲ್ಲ. ಅದೂ ಅಲ್ಲದೆ ಸಿಗರೇಟು ಸುಟ್ಟು ಮುಗಿಯುತ್ತದೆ, ಒಂದು ನಿಲುಗಡೆ ಇರುತ್ತದೆ. ವೇಪ್‌ಗೆ ಅದಿಲ್ಲ. ಈಗಿನ ಹೆಚ್ಚಿನ ವೇಪ್‌ಗಳಲ್ಲಿರುವ ನಿಕೋಟಿನ್ ಸಾಲ್ಟ್ ಅನ್ನುವ ಬಗೆಯ ನಿಕೋಟಿನ್ ಗಂಟಲಿಗೆ ಚುಚ್ಚುವುದೂ ಇಲ್ಲ, ಎಷ್ಟು ಎಳೆದೆ ಅಂತ ಗೊತ್ತಾಗುವುದಿಲ್ಲ. ನಿಮಗೆ ನನ್ನ ಸಲಹೆ, ಒಂದು ದಿನ ಗೊತ್ತು ಮಾಡಿ ಎರಡನ್ನೂ ಅವತ್ತೇ ನಿಲ್ಲಿಸಿ, ಪ್ಯಾಚ್ ಮತ್ತು ಗಮ್ ಶುರು ಮಾಡಿ. ಅದು ತೀರಾ ಕಷ್ಟ ಅನ್ನಿಸಿದರೆ ಮೊದಲು ಸಿಗರೇಟನ್ನು ಪೂರ್ತಿ ಬಿಡಿ, ಆಮೇಲೆ ವೇಪ್‌ಗೂ ಒಂದು ಕೊನೆಯ ತಾರೀಕು ಹಾಕಿ. ಎರಡನೇ ದಾರಿಯಲ್ಲಿ ಆ ತಾರೀಕು ಮುಂದಕ್ಕೆ ಹೋಗುತ್ತಲೇ ಇರುವ ಅಪಾಯ ಇದೆ, ನಿಮ್ಮ ಎರಡು ವರ್ಷ ಆಗಿದ್ದೂ ಅದೇ ಅಲ್ವಾ?

ಗ್ರೂಪ್‌ಗೆ ಬರುತ್ತೇನೆ. ನಿಜ ಹೇಳಿ ಅನ್ನುವುದು ನನ್ನ ಉತ್ತರ. ಆದರೆ ಎಲ್ಲರ ಮುಂದೆ ಒಮ್ಮೆಗೇ ಹೇಳುವ ಮೊದಲು ಒಬ್ಬರಿಗೆ ಹೇಳಿ. ಗ್ರೂಪ್ ಬಿಟ್ಟು ಹೋದ ಆ ಗಮ್‌ನವರಿಗೇ ಹೇಳಬಹುದು. ಅವರಿಗೆ ಆದ ಬೇಜಾರೂ ಕಡಿಮೆಯಾಗುತ್ತದೆ, ನಿಮಗೂ ಒಬ್ಬರು ಜೊತೆ ಸಿಗುತ್ತಾರೆ. ಆಮೇಲೆ ಗ್ರೂಪ್‌ನಲ್ಲಿ ನಾಲ್ಕು ಸಾಲು ಸಾಕು: ‘ನಾನು ನಲವತ್ತನೇ ದಿನದಲ್ಲಿಲ್ಲ. ಒಂಬತ್ತನೇ ದಿನ ಒಂದು ಸೇದಿದೆ, ಹೇಳೋಕೆ ಆಗಲಿಲ್ಲ. ಈಗ ದಿನಕ್ಕೆ ಆರು. ಸೋಮವಾರದಿಂದ ಪ್ಯಾಚ್ ಹಾಕಿ ಮತ್ತೆ ಬಿಡ್ತಿದ್ದೀನಿ, ಅನ್ನಿಸಿದಾಗ ಇಲ್ಲೇ ಬರೀತೀನಿ.’ ಕ್ಷಮೆ ಕೇಳುತ್ತಾ ಪುಟಗಟ್ಟಲೆ ಬರೆಯಬೇಡಿ, ತಾರೀಕು ಮಾತ್ರ ಇರಲಿ.

ಇದರಿಂದ ಆಗಬಹುದಾದದ್ದು ಎರಡು. ಇನ್ಯಾರೋ ‘ನಾನೂ’ ಅನ್ನಬಹುದು. ಆಗ ಗ್ರೂಪ್ ನಿಜವಾಗಿ ಶುರುವಾಗುತ್ತದೆ. ಇಲ್ಲವೇ ಯಾರಾದರೂ ಚುಚ್ಚಿ ಮಾತಾಡಬಹುದು, ನಿಮ್ಮ ವಿಷಯ ಆಫೀಸಿನಲ್ಲಿ ಹರಡಬಹುದು. ಸಹೋದ್ಯೋಗಿಗಳ ಗ್ರೂಪ್‌ನಲ್ಲಿ ಈ ಅಪಾಯ ಇದ್ದೇ ಇದೆ. ಹಾಗಾದರೆ ಹಿಂದೆಮುಂದೆ ನೋಡಬೇಡಿ, ಹೊರಗೆ ಬನ್ನಿ. ಆದರೆ ಒಂಟಿಯಾಗಬೇಡಿ. ಕ್ಲಿನಿಕ್‌ಗಳು ನಡೆಸುವ ಗುಂಪುಗಳಿವೆ, ಫೋನಿನಲ್ಲೇ ಕೌನ್ಸೆಲಿಂಗ್ ಕೊಡುವ ಸಹಾಯವಾಣಿಗಳು ಅನೇಕ ದೇಶಗಳಲ್ಲಿವೆ. 1982ರಲ್ಲಿ ಅಮೆರಿಕದಲ್ಲಿ ಶುರುವಾದ ನಿಕೋಟಿನ್ ಅನಾನಿಮಸ್‌ನಲ್ಲಿ ಹೆಸರು ಹೇಳದೇ ಕೂತು ಮಾತಾಡಬಹುದು. ಅದು ಹನ್ನೆರಡು ಮೆಟ್ಟಿಲುಗಳನ್ನು ಒಂದೊಂದಾಗಿ ಪಾಲಿಸುತ್ತಾ ಚಟದಿಂದ ಹೊರಬರುವ ದಾರಿ, ಅದರ ಭಕ್ತಿಯ ಧಾಟಿ ಎಲ್ಲರಿಗೂ ಒಗ್ಗುವುದಿಲ್ಲ. ಯಾವ ಗುಂಪೇ ಆಗಲಿ, ಔಷಧಿ ಬಿಡಿ ಅಂತ ಒತ್ತಾಯಿಸಿದರೆ ಅಥವಾ ಏನನ್ನಾದರೂ ಮಾರಲು ಬಂದರೆ ಅಲ್ಲಿಂದ ಎದ್ದುಬನ್ನಿ.

ನಿಮ್ಮ ಹೆಂಡತಿಯ ಪ್ರಶ್ನೆಗೆ ರೇಗುತ್ತದೆ ಅಂದಿರಿ. ‘ಸೇದಿದ್ರಾ?’ ಅನ್ನುವುದಕ್ಕೆ ಹೌದು, ಇಲ್ಲ ಎರಡೇ ಉತ್ತರ, ಹೌದು ಅಂದರೆ ಅಪರಾಧಿ. ಅವರಿಗೂ ಬೇರೆ ಹೇಗೆ ಕೇಳಬೇಕೋ ಗೊತ್ತಿಲ್ಲ, ಕಾಳಜಿಗೆ ಕೇಳುತ್ತಿದ್ದಾರೆ. ‘ಇವತ್ತು ಯಾವ ಹೊತ್ತು ಕಷ್ಟ ಆಯ್ತು?’ ಅಂತ ಕೇಳು ಅಂತ ಹೇಳಿನೋಡಿ. ಮೊದಲ ಎರಡು ವಾರ ಸಿಡುಕುತ್ತೇನೆ, ಅದು ನಿನ್ನ ಮೇಲಿನ ಸಿಟ್ಟಲ್ಲ ಅಂತ ಮೊದಲೇ ತಿಳಿಸಿಬಿಡಿ. ಲೈಟರ್, ವೇಪ್ ಚಾರ್ಜರ್ ಎಲ್ಲ ಮನೆಯಿಂದ ಆಚೆ ಹಾಕುವ ಕೆಲಸವನ್ನು ಇಬ್ಬರೂ ಸೇರಿ ಮಾಡಿ.

ಗ್ರೂಪ್‌ನವರು ಯಾರೂ ಹೇಳದ ಒಂದು ವಿಷಯ ಇದೆ. ತಂಬಾಕಿನ ಹೊಗೆ ಲಿವರ್‌ನಲ್ಲಿ ಕೆಲವು ವಸ್ತುಗಳು ಬೇಗ ಕರಗುವ ಹಾಗೆ ಮಾಡಿರುತ್ತದೆ. ಕಾಫಿಯ ಕೆಫೀನ್ ಅದರಲ್ಲೊಂದು. ಸಿಗರೇಟು ಬಿಟ್ಟ ಮೇಲೆ ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಜಾಸ್ತಿ ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಜನ ಇದನ್ನು ಸಿಗರೇಟು ಬಿಟ್ಟ ತೊಂದರೆ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಬಿಡುವ ದಿನದಿಂದ ಕಾಫಿ, ಟೀ ಅರ್ಧಕ್ಕೆ ಇಳಿಸಿ. ಇದೇ ಕಾರಣಕ್ಕೆ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪೈನ್, ಒಲಾಂಜಪೈನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಮಾತ್ರೆಗಳ ಮಟ್ಟವೂ ರಕ್ತದಲ್ಲಿ ಏರುತ್ತದೆ. ನೀವಾಗಲಿ ಗ್ರೂಪ್‌ನ ಇನ್ಯಾರೇ ಆಗಲಿ ಅವನ್ನು ತೆಗೆದುಕೊಳ್ಳುತ್ತಿದ್ದರೆ, ಸಿಗರೇಟು ಬಿಡುವ ತಾರೀಕನ್ನು ಮುಂಚೆಯೇ ವೈದ್ಯರಿಗೆ ತಿಳಿಸಿ ಮಾತ್ರೆಯ ಪ್ರಮಾಣ ಸರಿಮಾಡಿಸಿಕೊಳ್ಳಬೇಕು.